ಖಣದ ಕುಬಸ

ಉತ್ತರ ಕರ್ನಾಟಕದ ಹೆಂಗಸರು ಇಳಕಲ್ ಸೀರೆಗೆ ಜೋಡಿಯಾಗಿ ತೊಡುತ್ತ ಬಂದ, ಎದೆಯ ಕೆಳಗೆ ಗಂಟು ಕಟ್ಟುವ ಗಿಡ್ಡ ಕುಪ್ಪಸ. ಕುರ್ತಕೋಟಿ, ಲಕ್ಷ್ಮೇಶ್ವರ, ಮುಂಡರಗಿಯ ಕಡೆ ಇದು ಕುಬಸ. ಇದನ್ನು ಹೊಲಿಯುವ ಖಣ ಎಂಬ ಬಟ್ಟೆಗೆ ಹೆಸರಾದ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ತೇರು, ಆನೆಹೆಜ್ಜೆ, ಸೂಜಿಮಲ್ಲಿಗೆ ಮುಂತಾದ ವಿನ್ಯಾಸಗಳು ಮಗ್ಗದಲ್ಲೇ ಮೂಡುತ್ತವೆ.

ಬಟ್ಟೆ ಕತ್ತರಿಸಲು ಪಶ್ಚಿಮದವರಿಗೆ ಹಾಳೆಯ ಆಸರೆ: ಅಮೆರಿಕದ ಬಟರಿಕ್ 1863ರಲ್ಲಿ ಅಳತೆವಾರು ಕಾಗದದ ಪ್ಯಾಟರ್ನ್ ಮಾರಲು ತೊಡಗಿದರು. ಅಲ್ಲಿನ 1900ರ ಆಸುಪಾಸಿನ ಬ್ಲೌಸನ್ನು ಮತ್ತೆ ಹೊಲಿಯುವವರಿಗೆ ಇಂದಿಗೂ ಅಂಥ ಹಾಳೆಗಳು ಆಧಾರ. ಕುಬಸಕ್ಕೆ ಹಾಳೆಯ ಹಂಗಿಲ್ಲ. ಖಣದ ಅಗಲ, ಅಂಚುಗಳೇ ಕತ್ತರಿಗೆ ದಾರಿ. ಅಂಚು ತೋಳಿನ ತುದಿಗೆ ಬರಬೇಕು. ಜಾಣತನವೆಲ್ಲ ಕಂಕುಳಲ್ಲಿದೆ: ಅಲ್ಲಿ ಸಣ್ಣ ಚೌಕದ ತುಂಡನ್ನು ಓರೆಯಾಗಿ ಕೂಡಿಸಿದರೆ, ರಾಶಿ ತೂರಲು ಕೈ ಎತ್ತಿದಾಗ ಹೊಲಿಗೆ ಜಗ್ಗುವುದಿಲ್ಲ. ಗುಂಡಿ, ಹುಕ್ಕುಗಳ ಗೊಡವೆಯೂ ಇಲ್ಲ. ಬಸುರಿಗೂ ಬಾಣಂತಿಗೂ ಗಂಟು ಸಡಿಲಿಸಿದರಾಯಿತು, ಉಡುಪು ಒಂದೇ.

ಚೊಚ್ಚಲ ಬಸುರಿಗೆ ಮಾಡುವ ಸೀಮಂತವನ್ನೂ ಈ ಸೀಮೆಯವರು ‘ಕುಬಸ’ ಎಂದೇ ಕರೆಯುತ್ತಾರೆ; ತವರಿನವರು ಸೀರೆ, ಖಣ ತರುತ್ತಾರೆ.

ಈಗ ಟೇಲರ್‌ಗಳು ಖಣದಲ್ಲಿ ಹೆಚ್ಚಾಗಿ ಹೊಲಿಯುವುದು ಹುಕ್ಕಿನ ಜಂಪರ. ಅದೇ ಬಟ್ಟೆ ಸೀರೆಯೂ ಆಗಿದೆ, ಕೈಚೀಲವೂ ಆಗಿದೆ.