ಪಾಠ ಟಿಪ್ಪಣಿಯಲ್ಲಿ ಕೊಬ್ಬರಿಗೆ ಜಾಗವುಂಟೆ?

ಶಾಲಾ ಮೇಷ್ಟ್ರಿಗೆ ಹಾಜರಿ ಪುಸ್ತಕದಷ್ಟೇ ಅನಿವಾರ್ಯವಾದದ್ದು ಪಾಠ ಟಿಪ್ಪಣಿ. ಏನು ಕಲಿಸಬೇಕು, ಯಾವ ಉದಾಹರಣೆ ಕೊಡಬೇಕು, ಕೊನೆಗೆ ಏನು ಕೇಳಬೇಕು ಎಂಬುದನ್ನು ಮೊದಲೇ ಬರೆದಿಟ್ಟು ಮುಖ್ಯೋಪಾಧ್ಯಾಯರ ಸಹಿ ಪಡೆಯುವ ಈ ಪದ್ಧತಿಯ ಒಂದು ಬೇರು ಜರ್ಮನಿಯಲ್ಲಿದೆ. ಬೋಧನೆಗೆ ಕ್ರಮಬದ್ಧ ಹಂತಗಳಿರಬೇಕೆಂದು ತತ್ವಜ್ಞಾನಿ ಹರ್ಬಾರ್ಟ್ (1776–1841) ಪ್ರತಿಪಾದಿಸಿದ. ಅವನ ಅನುಯಾಯಿಗಳು ಅದನ್ನು ಐದು ಹಂತಗಳಾಗಿ ಬೆಳೆಸಿದರು. ಶಿಕ್ಷಕರ ತರಬೇತಿ ಕಾಲೇಜುಗಳ ಮೂಲಕ ಅದು ನಮ್ಮಲ್ಲಿಗೂ ಬಂತು. ಪ್ರತಿ ಪಾಠಕ್ಕೂ ಹೊಸದಾಗಿ ಯೋಚಿಸಿ ಬರೆಯುವವರಿದ್ದಂತೆ, ಕಳೆದ ವರ್ಷದ್ದನ್ನೇ ತಾರೀಖು ಬದಲಿಸಿ ನಕಲಿಸುವವರೂ ಇದ್ದರು!

ಯಂತ್ರ ಈ ಕೆಲಸಕ್ಕೆ ಕೈಹಾಕಿದ್ದು ಇತ್ತೀಚೆಗಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಪಾಠ ಬಂದಿತ್ತು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ತಲುಪಿದವು. ಕೇಂದ್ರ ಸರ್ಕಾರದ ‘ದೀಕ್ಷಾ’ ಬಂದದ್ದು 2017ರ ಶಿಕ್ಷಕರ ದಿನದಂದು. ಪಠ್ಯಪುಸ್ತಕದಲ್ಲಿನ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ ವಿಡಿಯೊ ತೆರೆದುಕೊಳ್ಳುತ್ತದೆ. ಈಗಂತೂ ಸಿದ್ಧ ಪಾಠ ಯೋಜನೆಯ ಪಿಡಿಎಫ್ ವಾಟ್ಸ್‌ಆ್ಯಪ್‌ನಲ್ಲೇ ಬಂದು ಬೀಳುತ್ತದೆ. ರಾತ್ರಿ ಕುಳಿತು ಬರೆಯುವ ಶ್ರಮ ಉಳಿಯಿತು, ನಿಜ. ಆದರೆ ಎಲ್ಲೋ ಕುಳಿತವರು ಆರಿಸಿದ ಉದಾಹರಣೆಯೇ ಎಲ್ಲ ಊರಿಗೂ ಉದಾಹರಣೆಯಾಯಿತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನೇ ನೋಡಿ. ಇಲ್ಲಿ ಬಲಿತ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲುಗಿಸಿದರೆ ಸದ್ದು ಬರುತ್ತದೆ. ಆವಿಯಾಗುವಿಕೆಯನ್ನು ಕಲಿಸಲು ಇದಕ್ಕಿಂತ ಹತ್ತಿರದ ವಸ್ತು ಬೇಕೆ? ಲಾಭ ನಷ್ಟದ ಲೆಕ್ಕಕ್ಕೆ ತಿಪಟೂರು ಎಪಿಎಂಸಿಯ ಕ್ವಿಂಟಲ್ ಧಾರಣೆಯಿದೆ. ಆ ಧಾರಣೆ ಇಳಿದ ದಿನ ಮನೆಯಲ್ಲಿ ಏನಾಗುತ್ತದೆಂಬುದು ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಡೀ ರಾಜ್ಯಕ್ಕೆ ಒಂದೇ ಆಗಿರುವ ಪಠ್ಯದಲ್ಲಿ ಇದನ್ನೆಲ್ಲ ನಿರೀಕ್ಷಿಸಲಾಗದು, ಟಿಪ್ಪಣಿಯಲ್ಲಿ ನಿರೀಕ್ಷಿಸಬಹುದು. ‘ದೀಕ್ಷಾ’ಗೆ ನಾಲ್ಕು ವರ್ಷ ಮೊದಲೇ, 2013ರಲ್ಲಿ, ರಾಜ್ಯದ ಡಿಎಸ್‌ಇಆರ್‌ಟಿಯು ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಯೋಜನೆಯನ್ನು ಆರಂಭಿಸಿದ್ದು ಈ ದೃಷ್ಟಿಯಿಂದ ಮುಖ್ಯ. ವಿಕಿಪೀಡಿಯದ ಮಾದರಿಯಲ್ಲಿ, ಶಿಕ್ಷಕರೇ ಕನ್ನಡದಲ್ಲಿ ಪಾಠ ಸಾಮಗ್ರಿ ಬರೆದು ಸೇರಿಸುವ ಏರ್ಪಾಡು ಅದು. ಪರವಾನಗಿಯೂ ಮುಕ್ತ. ತಿಪಟೂರಿನವರು ಕೊಬ್ಬರಿಯನ್ನಿಟ್ಟು ಬರೆದ ಪಾಠವನ್ನು ಅರಸೀಕೆರೆಯವರು ಹಾಗೆಯೇ ಬಳಸಬಹುದು. ರಾಯಚೂರಿನವರು ಕೊಬ್ಬರಿ ತೆಗೆದು ಹತ್ತಿ ಹಾಕಿಕೊಳ್ಳಬಹುದು.