ಸ್ಯಾಟಲೈಟ್ ಫೋನ್: ಕರೆಯ ಗುಣಮಟ್ಟದ ಚರಿತ್ರೆ

ಟವರಿನ ಹಂಗಿಲ್ಲದೆ ನೇರವಾಗಿ ಉಪಗ್ರಹದ ಮೂಲಕ ಮಾತನಾಡಿಸುವ ದೂರವಾಣಿ. ಹಡಗುಗಳ ಸಂಪರ್ಕಕ್ಕೆಂದು 1979ರಲ್ಲಿ ಇನ್‌ಮಾರ್‌ಸ್ಯಾಟ್ ಹುಟ್ಟಿತು. ಅಂಗೈಯಲ್ಲಿ ಹಿಡಿಯುವ ಫೋನಿಗೆ ಇಡೀ ಭೂಮಂಡಲದ ವ್ಯಾಪ್ತಿ ಬಂದದ್ದು 1998ರ ನವೆಂಬರ್ 1ರಂದು, ಇರಿಡಿಯಂ ಸೇವೆಯಿಂದ. ಮರುವರ್ಷವೇ ಕಂಪನಿ ದಿವಾಳಿಯಾಯಿತು. ಹೊಸ ಒಡೆಯರ ಕೈಯಲ್ಲಿ ಉಪಗ್ರಹಗಳು ಉಳಿದುಕೊಂಡವು.

ಕರೆಯ ಗುಣ ನಿಂತಿರುವುದು ಉಪಗ್ರಹ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೆ. ಇನ್‌ಮಾರ್‌ಸ್ಯಾಟ್, ತುರಾಯಾ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ಮಾತು ಅಲ್ಲಿಗೆ ಹೋಗಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು. ಈ ಕಡೆಯವರು ‘ಕೇಳಿಸ್ತಾ?’ ಎಂದು ಮತ್ತೆ ಕೇಳುವಷ್ಟರಲ್ಲಿ ಮೊದಲ ಪ್ರಶ್ನೆಯ ‘ಹ್ಞೂಂ’ ಬಂದು ಎರಡೂ ದನಿ ಡಿಕ್ಕಿ ಹೊಡೆಯುತ್ತವೆ. ಇರಿಡಿಯಂನ 66 ಉಪಗ್ರಹಗಳು ಸುತ್ತುವುದು 780 ಕಿ.ಮೀ. ಎತ್ತರದಲ್ಲಿ, ಈ ಕಾಯುವಿಕೆ ಅಲ್ಲಿ ಕಡಿಮೆ. ಆದರೆ ಅದರ ಹಳೆಯ ಫೋನುಗಳು ದನಿಯನ್ನು ಸೆಕೆಂಡಿಗೆ 2.4 ಕಿಲೋಬಿಟ್‌ಗೆ ಹಿಂಡುತ್ತಿದ್ದವು. ಡಿಜಿಟಲ್ ಎಕ್ಸ್‌ಚೇಂಜಿನ ಲ್ಯಾಂಡ್‌ಲೈನಿಗೆ ಇದ್ದದ್ದು 64. ಇರಿಡಿಯಂನಲ್ಲಿ ಮಾತು ತಿಳಿಯುತ್ತದೆ, ಮಾತಾಡಿದವರ ಗುರುತು ಹತ್ತುವುದು ಕಷ್ಟ. ಗ್ಲೋಬಲ್‌ಸ್ಟಾರ್ ಎಂಬ ಇನ್ನೊಂದು ಸೇವೆಯ ದನಿ ಇದಕ್ಕಿಂತ ಸೊಗಸು. ಆದರೆ 2007ರ ಹೊತ್ತಿಗೆ ಅದರ ಉಪಗ್ರಹಗಳ ಆಂಪ್ಲಿಫೈಯರುಗಳು ಸೊರಗಿ ಕರೆ ಸಿಗುವುದೇ ದುಸ್ತರವಾಯಿತು.

ಈ ಫೋನುಗಳ ಕುರಿತ ಉತ್ತರದ ದೇಶಗಳ ಅನುಭವವನ್ನು ನಮ್ಮ ನೆಲಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯನ್ನೇ ನೋಡಿ. ಒಂದು ದಿಕ್ಕಿಗೆ ನಂದಿ ಬೆಟ್ಟದ ಸಾಲು, ಇನ್ನೊಂದು ದಿಕ್ಕಿಗೆ ಮಾಕಳಿದುರ್ಗ. ಇರಿಡಿಯಂ ಉಪಗ್ರಹಗಳು ಧ್ರುವಗಳ ಬಳಿ ಒತ್ತಾಗಿ, ಸಮಭಾಜಕದತ್ತ ವಿರಳವಾಗಿ ಸಾಗುತ್ತವೆ. ಹಾಗಾಗಿ ಇಲ್ಲಿ ಕೈಗೆ ಸಿಗುವ ಒಂದೆರಡು ಉಪಗ್ರಹ ಬೆಟ್ಟದ ಮರೆಗೆ ಸರಿದರೆ ಕರೆ ಕಡಿಯುತ್ತದೆ. 36,000 ಕಿ.ಮೀ. ಎತ್ತರದಲ್ಲಿ 83 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತ ಉಪಗ್ರಹವಾದರೋ ಇದೇ ಊರಿಗೆ ಸುಮಾರು 73 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಯಾವ ಬೆಟ್ಟವೂ ಅಡ್ಡ ಬರದು. ಹುಣಸೆಮರದ ನೆರಳಿನಿಂದ ಬಯಲಿಗೆ ಬಂದರೆ ಸಾಕು.

ಆ ಜಾಗದಲ್ಲೇ ಇಸ್ರೊ 2015ರ ಆಗಸ್ಟ್ 27ರಂದು ಉಡಾಯಿಸಿದ ಜಿಸ್ಯಾಟ್-6 ನೆಲೆ ನಿಂತಿತು. ಕೈಫೋನಿನ ಕ್ಷೀಣ ಸಂಕೇತ ಹಿಡಿಯಲು ಕೊಡೆಯಂತೆ ಬಿಚ್ಚಿಕೊಳ್ಳುವ 6 ಮೀಟರ್ ಅಗಲದ ಆಂಟೆನಾ ಅದಕ್ಕಿತ್ತು. ಬಿಚ್ಚಿಸಿದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಜೊತೆಗಾರ ಜಿಸ್ಯಾಟ್-6ಎ 2018ರ ಮಾರ್ಚ್ 29ರಂದು ಹಾರಿ, ಎರಡನೇ ಸಲ ಕಕ್ಷೆ ಎತ್ತರಿಸಿದ ಮೇಲೆ ಸಂಪರ್ಕ ಕಡಿದುಕೊಂಡಿತು. ಒಂದೇ ಉಪಗ್ರಹವನ್ನು ನೆಚ್ಚುವ ಅಪಾಯ ಇದು. 2024ರ ಏಪ್ರಿಲ್‌ನಲ್ಲಿ ತುರಾಯಾ-3 ಕೆಟ್ಟಾಗ ಏಷ್ಯಾ-ಪೆಸಿಫಿಕ್ ಭಾಗದ ಅದರ ಸೇವೆಯೇ ನಿಂತಿತು. 2009ರ ಫೆಬ್ರವರಿಯಲ್ಲಿ ಇರಿಡಿಯಂ-33 ರಷ್ಯಾದ ಸತ್ತ ಉಪಗ್ರಹಕ್ಕೆ ಡಿಕ್ಕಿ ಹೊಡೆದು ಪುಡಿಯಾದರೂ ಉಳಿದವು ಕೆಲಸ ಮಾಡುತ್ತಲೇ ಇದ್ದವು. ಬಾಳಿಕೆಯಲ್ಲಿ ಗೆದ್ದದ್ದು ಗುಂಪೇ.

ಭಾರತದಲ್ಲಿ ಇಂಥ ಫೋನಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಬಿಎಸ್‌ಎನ್‌ಎಲ್ 2017ರಲ್ಲಿ ಇನ್‌ಮಾರ್‌ಸ್ಯಾಟ್ ಆಧಾರಿತ ಕೈಫೋನ್ ಸೇವೆ ಶುರುಮಾಡಿತು. ಅನುಮತಿಯಿಲ್ಲದ ತುರಾಯಾ, ಇರಿಡಿಯಂ ಫೋನು ಚೀಲದಲ್ಲಿದ್ದರೆ ವಿಮಾನ ನಿಲ್ದಾಣದಲ್ಲೇ ವಶಪಡಿಸಿಕೊಳ್ಳಬಹುದು, ಬಂಧನವೂ ಆಗಬಹುದು. ದೇವನಹಳ್ಳಿಯಲ್ಲಿ ಇಳಿಯಲಿರುವ ನೆಂಟರಿಗೆ ಇದನ್ನು ಮೊದಲೇ ತಿಳಿಸಿಬಿಡಿ.