ಗದ್ದಲದ ವರ್ಷದ ಎರಡು ಲೆಕ್ಕ

ಸೇಡಂ ತಾಲ್ಲೂಕಿನ ನಮ್ಮ ಕೋಡ್ಲಾದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಎಂಬತ್ತು ದಾಟಿದವರು ತಮ್ಮ ವಯಸ್ಸನ್ನು ಇಸವಿಯಿಂದ ಹೇಳುವುದು ಕಡಿಮೆ. "ಗದ್ದಲದಾಗ ನಾ ಅವ್ವನ ಬಗಲಾಗ ಇದ್ದೆ" ಎನ್ನುತ್ತಾರೆ. ಗದ್ದಲ ಎಂದರೆ 1948. ನಾನು ಹುಟ್ಟಿದ್ದು ಅದರ ನಂತರ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಪಾಠದ ಪುಸ್ತಕದಲ್ಲಿ ಆ ವರ್ಷ ನಾಲ್ಕು ಸಾಲಿನಲ್ಲಿ ಮುಗಿಯುತ್ತಿತ್ತು. ಮನೆಯಲ್ಲಿ ಆಯಿ ಹೇಳುತ್ತಿದ್ದ ಮಾತು ಆ ನಾಲ್ಕು ಸಾಲಿನಲ್ಲಿ ಎಲ್ಲೂ ಇರಲಿಲ್ಲ.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಮೇಲೆ ಹಾರುತ್ತಿದ್ದದ್ದು ಹೈದರಾಬಾದಿನ ನಿಜಾಮರ ಬಾವುಟ. ಆ ವರ್ಷದ ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮರ ಪರ ನಿಂತ ಖಾಸಗಿ ಪಡೆಯವರು, ಆ ಅವಧಿಯಲ್ಲೇ ಊರೂರು ಹೊಕ್ಕರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ಸುಮಾರು 200 ಜನರನ್ನು ಕೊಂದರೆಂದು ಆ ಸೀಮೆಯವರು ಹೇಳುತ್ತಾರೆ. ಅದೇ ಮೇ 22ರಂದು ನಮ್ಮ ಜಿಲ್ಲೆಯ ಗಾಣಗಾಪುರ ಸ್ಟೇಷನ್ನಿನಲ್ಲಿ ಮದ್ರಾಸ್–ಬಾಂಬೆ ರೈಲಿನ ಮೇಲೆ ದಾಳಿಯಾಯಿತು. ಮುಂದೆ ಚಿತ್ತಾಪುರದಿಂದ ಶಾಸಕರಾದ ಮಲ್ಲಿಕಾರ್ಜುನ ಖರ್ಗೆಯವರು ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಅವರ ತಾಯಿ, ಸಹೋದರಿ ಸುಟ್ಟುಹೋದರು. ತಂದೆ ಮಗ ಇಬ್ಬರೇ ಉಳಿದರು.

ನಮ್ಮ ಸೀಮೆಯವರ ಪಾಲಿಗೆ ಇನ್ನೊಂದು ಕಷ್ಟವಿತ್ತು. ಆಳಂದ, ಅಫಜಲಪುರದ ಕಡೆಯವರು ಓಡಿಹೋಗಿ ಗಡಿ ದಾಟಿದರೆ ಅಕ್ಕಲಕೋಟೆ, ಸೊಲ್ಲಾಪುರ ಸಿಗುತ್ತಿತ್ತು. ಸೇಡಮ್ಮಿನವರಿಗೆ ಗಡಿಯೇ ದೂರ. ಮೂಡಣಕ್ಕೆ ನಡೆದರೆ ತಾಂಡೂರು, ಅದೂ ನಿಜಾಮರ ಸೀಮೆ. ಊರ ಪಕ್ಕದಲ್ಲಿ ಹಾದುಹೋಗುವ ರೈಲು 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರೇ ಹಾಕಿಸಿದ್ದು. ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದ, ಕಲಬುರಗಿ, ಗಾಣಗಾಪುರ ದಾಟುವ ತನಕ ಜೀವ ಕೈಯಲ್ಲಿ. ಹಾಗಾಗಿ ಬಹಳ ಜನ ಊರಲ್ಲೇ ಉಳಿದರು. "ಹಗಲೆಲ್ಲಾ ಹೊಲದಾಗ, ರಾತ್ರಿ ಮನಿ. ದೀಪ ಹಚ್ಚತಿರಲಿಲ್ಲ ತಮ್ಮಾ" ಎನ್ನುತ್ತಿದ್ದಳು ಆಯಿ. ಚಿಂಚೋಳಿ ಕಡೆಯ ಬೀಗರು ಕುಂಚಾವರಂ ಅಡವಿ ಸೇರಿದ್ದರಂತೆ.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ ಹಿಡಿದು, ಹುಮನಾಬಾದ, ಜಹೀರಾಬಾದಿನ ದಾರಿಯಲ್ಲಿ, ಅಂದರೆ ಚಿಂಚೋಳಿಯ ಬಡಗಣಕ್ಕೆ, ಹೈದರಾಬಾದಿನತ್ತ ಸಾಗಿತು. ಟ್ಯಾಂಕುಗಳಿದ್ದವು, ಮೇಲೆ ವಿಮಾನಗಳಿದ್ದವು. 17ರ ಸಂಜೆ ನಿಜಾಮರು ಸೋಲೊಪ್ಪಿದರು. ಐದೇ ದಿನ. ನಮ್ಮ ಹಿರಿಯರಿಗೆ ಅದು ನಿಜವಾದ ಬಿಡುಗಡೆ. ಆಯಿ ಆ ಸಂಜೆ ಬಾಗಿಲಿಗೆ ದೀಪ ಇಟ್ಟಳು. ಆ ದೀಪದ ಬೆಲೆ ನನಗೆ ಗೊತ್ತು. ಅದನ್ನು ಯಾರೂ ಕಡಿಮೆ ಮಾಡಲಾರರು.

ಇಲ್ಲಿಗೆ ಮೊದಲ ಲೆಕ್ಕ ಮುಗಿಯಿತು. ಎರಡನೆಯದು ಶುರುವಾದದ್ದು ಆಮೇಲೆ. ರಜಾಕಾರರ ಮೇಲಿನ ಸಿಟ್ಟು ರಜಾಕಾರರನ್ನೇ ಹುಡುಕಿ ಹೋಗಲಿಲ್ಲ. ಕೈಗೆ ಸಿಕ್ಕ ಮುಸ್ಲಿಮರ ಮೇಲೆ ತಿರುಗಿತು. ಪಿಂಜಾರ, ಹಕೀಮ, ಅತ್ತರು ಮಾರುವವ, ಗೌಡನ ಹೊಲದ ಜೀತದಾಳು, ಹೀಗೆ ಬಂದೂಕು ಮುಟ್ಟದವರೇ ಹೆಚ್ಚು. ಪ್ರಧಾನಿ ನೆಹರೂ ಅವರ ಕಾಲದ ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ಸಮಿತಿಯನ್ನು ಪರಿಸ್ಥಿತಿ ನೋಡಲು ಕಳುಹಿಸಿತು. 1948ರ ನವೆಂಬರ್ ಕೊನೆಯಿಂದ ಡಿಸೆಂಬರಿನ ತನಕ ಅವರು ಸಂಸ್ಥಾನ ಸುತ್ತಿದರು. ಕಡಿಮೆ ಹಿಡಿದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂದು ಬರೆದರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ನಾಂದೇಡ್, ಬೀದರ ಮತ್ತು ನಮ್ಮ ಕಲಬುರಗಿ. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲ. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ ಸೇರಿದ್ದರೆಂದೂ, ಕೆಲವೆಡೆ ಸೇನೆಯೇ ಮುಸ್ಲಿಮರನ್ನು ಕಾಪಾಡಿತೆಂದೂ ವರದಿಯಲ್ಲಿದೆ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಕ್ಕಿತು.

ಆ ಸಮಿತಿಯವರು ಹೆಣ ತುಂಬಿದ ಬಾವಿಗಳನ್ನು ಕಂಡರು. ಬಾವಿ ಎಂದರೆ ಏನೆಂಬುದು ನಮ್ಮ ಸೀಮೆಯವರಿಗೇ ಗೊತ್ತು. ಶಹಾಬಾದದಿಂದ ಸೇಡಮ್ಮಿನ ತನಕ ನೆಲದಡಿ ಫರ್ಸಿ ಹಾಸು. ಕರಿಮಣ್ಣು ತೆಗೆದರೆ ಕಲ್ಲೇ ಸಿಗುತ್ತದೆ. ಒಂದು ಬಾವಿ ಕಡಿಯಲು ಒಡ್ಡರು ಎರಡು ಮೂರು ಬೇಸಿಗೆ ಸುತ್ತಿಗೆ, ಹಾರೆ ಹಿಡಿದು ದುಡಿಯಬೇಕಿತ್ತು. ಕಾಗಿಣಾ, ಕಮಲಾವತಿ ದಂಡೆಯ ಊರುಗಳನ್ನು ಬಿಟ್ಟರೆ ಉಳಿದವರಿಗೆ ಕುಡಿಯಲು, ದನಕ್ಕೆ, ಎಲ್ಲಕ್ಕೂ ಬಾವಿಯೇ ಗತಿ. ಹೆಣ ಬಿದ್ದ ಬಾವಿಯ ನೀರನ್ನು ಮತ್ತೆ ಯಾರು ಸೇದುತ್ತಾರೆ? ಕೊಂದವನ ಮಕ್ಕಳೂ ಅದನ್ನು ಕುಡಿಯಲಾರರು. ಅದು ಸತ್ತವರ ಜೊತೆಗೇ ಊರು ಕಳೆದುಕೊಂಡ ನೀರು.

ಹೊಲದ ಕತೆಯೂ ಅದೇ. ಸೆಪ್ಟೆಂಬರ್ ನಡುವಿನಲ್ಲಿ ಉತ್ತರಿ ಮಳೆ ಕೂಡುತ್ತದೆ. ಸೇನೆ ಬಂದದ್ದು ಸರಿಯಾಗಿ ಆ ಹೊತ್ತಿಗೆ. ಹೆಸರು, ಉದ್ದು ರಾಶಿ ಮಾಡುವ, ಹಿಂಗಾರಿ ಬಿಳಿಜೋಳಕ್ಕೆ ಹರಗಿ ಕೂರಿಗೆ ಹೂಡುವ ಕಾಲ ಅದು. ಕರಿಮಣ್ಣಿನಲ್ಲಿ ಹದ ತಪ್ಪಿದರೆ ಮುಂದಿನ ವರ್ಷದ ತನಕ ಕಾಯಬೇಕು. ಓಡಿಹೋದವರ, ಸತ್ತವರ ಹೊಲಕ್ಕೆ ಕೂರಿಗೆ ಹೋಗಲಿಲ್ಲ; ಹೋದ ಕಡೆ ಹೋದದ್ದು ಬೇರೆಯವರ ಕೂರಿಗೆ. ದನಗಳನ್ನು ಹೊಡೆದುಕೊಂಡು ಹೋದರು. ಹಗೇವು ಒಡೆದು ಬೀಜದ ಜೋಳವನ್ನೂ ಒಯ್ದರು. "ಆ ವರ್ಷ ಎತ್ತು ಇದ್ದವರಿಗೆ ಬೀಜ ಇರಲಿಲ್ಲ, ಬೀಜ ಇದ್ದವರಿಗೆ ಮನಷ್ಯಾರಿರಲಿಲ್ಲ" ಎಂದು ಆಯಿ ಹೇಳುತ್ತಿದ್ದಳು. ಹುಡುಗನಿದ್ದಾಗ ಬರಗಾಲದ ಮಾತೆಂದುಕೊಂಡು ಕೇಳುತ್ತಿದ್ದೆ. ಮನುಷ್ಯರು ತಂದ ಬರಗಾಲ ಅದು.

ಮನುಷ್ಯರನ್ನು ಉಳಿಸಿದವರೂ ಮನುಷ್ಯರೇ. ಜೀವದ ಹಂಗು ತೊರೆದು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳನ್ನು ಸಮಿತಿಯವರು ಅಲ್ಲಲ್ಲಿ ಕಂಡರು. ಒಂದೇ ಕಸುಬಿನವರು, ಅದರಲ್ಲೂ ನೇಕಾರರು, ಜಾತಿ ಧರ್ಮ ನೋಡದೆ ಒಬ್ಬರಿಗೊಬ್ಬರು ನಿಂತರೆಂದು ಬರೆದರು. ಇವತ್ತಿಗೂ ನಮ್ಮ ಭಾಗದಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲಿ ಮೊಹರಂ ಬಂದರೆ ಅಲಾಯಿ ಕುಣಿ ಅಗೆಯುತ್ತಾರೆ, ದೇವರನ್ನು ಕೂಡಿಸುತ್ತಾರೆ, ಪದ ಹಾಡುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಕೈಮುಗಿದಿದ್ದೇನೆ.

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಬಾವುಟ ಏರುತ್ತದೆ. 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ಗೋರ್ಟಾದಲ್ಲಿ ಸ್ಮಾರಕವಿದೆ, ಇರಲೇಬೇಕು. ಆದರೆ ಸೆಪ್ಟೆಂಬರ್ 17ರ ನಂತರ ಸತ್ತವರ ಹೆಸರು ನಮ್ಮ ಭಾಷಣಗಳಲ್ಲಿ ಬರುವುದಿಲ್ಲ. ಎರಡೂ ಕಡೆಯವರ ಸಾವನ್ನು ಒಟ್ಟಿಗೆ ಹೇಳಿದರೆ ಬಿಡುಗಡೆಯ ಬೆಲೆ ತಗ್ಗೀತೆಂದು ಹೆದರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ಲೆಕ್ಕವನ್ನು ಮಾತ್ರ ಓದಿದ ಮಕ್ಕಳು ಸೇಡನ್ನು ಕಲಿಯುತ್ತಾರೆ. ಎರಡನೆಯದನ್ನು ಮಾತ್ರ ಓದಿದವರೂ ಅದನ್ನೇ ಕಲಿಯುತ್ತಾರೆ. ಎರಡನ್ನೂ ಓದಿದವರು ಯುದ್ಧ ಎಂದರೇನೆಂದು ಕಲಿಯುತ್ತಾರೆ.

ಹೊತ್ತು ಕಡಿಮೆಯಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಅಂಚಿನಲ್ಲಿದ್ದಾರೆ. ಫರ್ಸಿ ಖಣಿ, ಸಿಮೆಂಟಿನ ಗಣಿ ಬೆಳೆದಂತೆ ಹಳೆಯ ಬಾವಿ, ಹೊಲ, ದಾರಿಗಳ ಗುರುತೂ ಅಳಿಯುತ್ತಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಶಾಲೆ ಕಾಲೇಜುಗಳ ಮೇಷ್ಟ್ರುಗಳಲ್ಲಿ, ಗ್ರಾಮ ಪಂಚಾಯಿತಿಯವರಲ್ಲಿ ನನ್ನದೊಂದೇ ಬೇಡಿಕೆ: ನಿಮ್ಮ ಊರಿನ ಅಜ್ಜ, ಆಯಿಯರ ಮುಂದೆ ಈ ವರ್ಷವೇ ಕುಳಿತುಕೊಳ್ಳಿ. ರಜಾಕಾರರಿಂದ ಸತ್ತವರ ಹೆಸರು ಕೇಳಿ, ಆಮೇಲೆ ಸತ್ತವರ ಹೆಸರೂ ಕೇಳಿ. ಎರಡನ್ನೂ ಒಂದೇ ವಹಿಯಲ್ಲಿ ಬರೆದಿಡಿ.